ಬಾದನಹಟ್ಟಿಯ ಅಪ್ಪಣೆ

ಈ ಊರಲ್ಲಿ ಕೂಸಿನ ಮೈ ಬಿಸಿಯಾದರೆ ಮೊದಲು ಯಾರನ್ನಾದರೂ ಕೇಳಬೇಕು. ತಾಯಿ ಅತ್ತೆಯನ್ನು ಕೇಳಬೇಕು, ಅತ್ತೆ ಮಗನನ್ನು ಕೇಳಬೇಕು, ಮಗ ಯಾವುದೋ ಊರಿನ ಗದ್ದೆಯಲ್ಲಿ ಫೋನು ಹತ್ತದ ಜಾಗದಲ್ಲಿರುತ್ತಾನೆ. ಕೂಸು ತವರುಮನೆಯಲ್ಲಿದ್ದರಂತೂ ಮುಗಿದೇ ಹೋಯಿತು. ಅದು ತಂದೆಯ ಮನೆಯ ಕೂಸು, ತವರಿನವರದು ಬರೀ ಕಾವಲು. ಅದನ್ನು ಆಸ್ಪತ್ರೆಯ ಮೆಟ್ಟಿಲು ಹತ್ತಿಸಬೇಕಾದರೆ ಬೀಗರ ಅಪ್ಪಣೆ ಬೇಕು. ಹೆಚ್ಚುಕಡಿಮೆಯಾದರೆ ತವರಿನವರೇ ಕೊಂದರು ಎಂಬ ಮಾತು ಮಗಳ ಬೆನ್ನು ಬಿಡುವುದಿಲ್ಲ. ಇಷ್ಟೆಲ್ಲ ಕೇಳಿ ಮುಗಿಯುವವರೆಗೆ ಕೂಸು ಮಾತ್ರ ಯಾರನ್ನೂ ಕೇಳದೆ ಸುಡುತ್ತಿರುತ್ತದೆ.

ನಾನು ಅರುಣಾ, ಈ ಊರಿನ ಅಂಗನವಾಡಿ ಟೀಚರ್. ಹುಟ್ಟಿದ್ದು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ, ಮದುವೆಯಾಗಿ ಬಂದದ್ದು ಸಿರುಗುಪ್ಪಕ್ಕೆ, ದಿನಾ ಬೆಳಿಗ್ಗೆ ಬಸ್ಸಿನಲ್ಲಿ ನೇತಾಡಿಕೊಂಡು ಬರುವುದು ಈ ಹಳ್ಳಿಗೆ. ಬಂದ ಹೊಸದರಲ್ಲಿ ಊರನ್ನು ತಿದ್ದುವ ಹುಮ್ಮಸ್ಸಿತ್ತು. ಈಗ ಮಕ್ಕಳ ಮೂಗು ಒರೆಸಿ, ಮೊಟ್ಟೆ ಬೇಯಿಸಿ, ಇಲಾಖೆ ಕೊಟ್ಟ ಫೋನಿನಲ್ಲಿ ಫೋಟೋ ಏರಿಸಿ, ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕರೆ ಸಾಕು ಅನ್ನಿಸುತ್ತದೆ. ನನ್ನ ಪಾಲಿನ ಹುಮ್ಮಸ್ಸನ್ನೂ ಸೇರಿಸಿ ಇಟ್ಟುಕೊಂಡಿದ್ದವಳು ಊರಿನ ಆಶಾ ಕಾರ್ಯಕರ್ತೆ ದೊಡ್ಡಬಸಮ್ಮ.

ಜ್ವರದ ಕೂಸು ಎಲ್ಲಿದ್ದರೂ ಅವಳ ಗುಲಾಬಿ ಸೀರೆ ಅಲ್ಲಿ ಹಾಜರು. ಕಂಕುಳಿಗೆ ಥರ್ಮಾಮೀಟರ್ ಸಿಕ್ಕಿಸುತ್ತಾಳೆ, ಅಂಗಿ ಎತ್ತಿ ಎದೆಯ ಏರಿಳಿತ ನೋಡುತ್ತಾಳೆ, ಸಿರಪ್ಪು ಕುಡಿಸುತ್ತಾಳೆ, ಕಂಬಳಿಯಲ್ಲಿ ಸುತ್ತಿಟ್ಟ ಅಜ್ಜಿಯರಿಗೆ ಬೈಯುತ್ತಾಳೆ. ಹಾಲು ಬಿಟ್ಟ ಕೂಸನ್ನು, ಪಕ್ಕೆ ಒಳಗೆ ಸೆಳೆದುಕೊಳ್ಳುವ ಕೂಸನ್ನು ಮನೆಯಲ್ಲಿಟ್ಟುಕೊಂಡು ಕೂತರೆ ಅವಳಿಗೆ ತಲೆ ಕೆಡುತ್ತದೆ. ಆಗ ಅವಳದೊಂದು ಪದ್ಧತಿ ಇದೆ. ವಾದ ಮಾಡುವುದಿಲ್ಲ. ಕೂಸನ್ನು ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಡುತ್ತಾಳೆ. ಕೂಸು ಹೋದ ಮೇಲೆ ಮನೆಯವರು ಏನು ಮಾಡಿಯಾರು, ಹಿಂದೆಯೇ ಬರುತ್ತಾರೆ.

ಕಳೆದ ಮಳೆಗಾಲದಲ್ಲಿ ಗಾದೆಮ್ಮನ ಮೊಮ್ಮಗನಿಗೆ ಹಾಗೇ ಮಾಡಿದಳು. ಗಾದೆಮ್ಮ ಬರಿಗಾಲಲ್ಲಿ ಬೆನ್ನಟ್ಟಿಕೊಂಡು ಬಂದು, ನಿನ್ನ ಕೈ ಸೇದಿ ಹೋಗಲಿ, ನಿನ್ನ ಮನೆ ಹಾಳಾಗಲಿ ಎಂದು ಓಣಿ ತುಂಬ ಶಾಪ ಹಾಕಿದಳು. ದೊಡ್ಡಬಸಮ್ಮ ತಿರುಗಿಯೂ ನೋಡಲಿಲ್ಲ.

"ಬೈಯ್ರಿ ಯವ್ವಾ, ಬೈಕೋಂತನ ಬರ್ರಿ, ನಿಂದ್ರಬ್ಯಾಡ್ರಿ. ಮಗ ಕೇಳಿದ್ರ ಆಶಾ ಕಸಗೊಂಡು ಹೋದ್ಲು ಅನ್ರಿ. ಹೆಸರು ನನ್ನ ಮ್ಯಾಲೇ ಹಾಕ್ರಿ" ಎಂದಳು.

ಆ ಹುಡುಗ ಈಗ ನನ್ನ ಅಂಗನವಾಡಿಯಲ್ಲಿ ಎರಡು ಮೊಟ್ಟೆ ಕೇಳುತ್ತಾನೆ. ಗಾದೆಮ್ಮ ಇವತ್ತಿಗೂ ದೊಡ್ಡಬಸಮ್ಮನ ಹತ್ತಿರ ಸರಿಯಾಗಿ ಮಾತಾಡುವುದಿಲ್ಲ. ಅದರ ಬಗ್ಗೆ ಕೇಳಿದರೆ ದೊಡ್ಡಬಸಮ್ಮ ನಗುತ್ತಾಳೆ. ಜನರಿಗೆ ಆಸ್ಪತ್ರೆಯ ಭಯಕ್ಕಿಂತ ಆಮೇಲೆ ಬರುವ ಮಾತಿನ ಭಯವೇ ಹೆಚ್ಚು, ಆ ಮಾತನ್ನು ಯಾರಾದರೂ ತಮ್ಮ ತಲೆಗೆ ಕಟ್ಟಿಕೊಂಡರೆ ಅರ್ಧ ಕೆಲಸ ಮುಗಿಯಿತು ಎನ್ನುವುದು ಅವಳ ಲೆಕ್ಕ.

ಜನವರಿಯ ಚಳಿ ಆ ಸಲ ಬಿಟ್ಟೂ ಬಿಡದೆ ಕಾಡಿತು. ಊರಿನ ಅರ್ಧ ಮಕ್ಕಳು ಕೆಮ್ಮುತ್ತಿದ್ದವು. ನಾಲ್ಕೈದು ಮಕ್ಕಳಿಗೆ ಜ್ವರ ಇತ್ತು. ಅವರವ್ವಂದಿರು ಮಕ್ಕಳನ್ನು ನನ್ನ ಮುಂದೆ ಇಳಿಸಿ, ಟ್ರಾಕ್ಟರು ಹತ್ತಿ ಮೆಣಸಿನಕಾಯಿ ಬಿಡಿಸಲು ಹೋಗಿದ್ದರು. ದೊಡ್ಡಬಸಮ್ಮನ ಪತ್ತೆ ಮಾತ್ರ ಇರಲಿಲ್ಲ. ಫೋನು ಮಾಡಿದರೆ ಯಾರ ಜೊತೆಗೋ ಮಾತಿನಲ್ಲಿದ್ದಾಳೆ ಎಂದೇ ಬರುತ್ತಿತ್ತು. ಒಂದಿಡೀ ದಿನ ನಾನೇ ಒಬ್ಬೊಬ್ಬರ ಹಣೆ ಮುಟ್ಟಿ ನೋಡಿ ಸುಸ್ತಾದೆ. ಮಾರನೇ ಬೆಳಿಗ್ಗೆಯೂ ಅವಳು ಬರದೇ ಹೋದಾಗ ಸಹಾಯಕಿಗೆ ಮಕ್ಕಳನ್ನು ನೋಡಿಕೊಳ್ಳಲು ಹೇಳಿ, ಚೆನ್ನಾಗಿ ಬೈಯಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡು ಅವಳ ಮನೆಗೆ ಹೋದೆ.

ಬಾಗಿಲಲ್ಲಿ ಅವಳ ಗಂಡ ಓಬಳೇಶ ಕೂತಿದ್ದ. ಅಕ್ಕಿ ಗಿರಣಿಯ ಕೆಲಸಕ್ಕೆ ಹೋಗಿರಲಿಲ್ಲ. ನನ್ನನ್ನು ನೋಡಿ ಎದ್ದು ನಿಂತ. ಒಳಗೆ ಮಗಳು ಮೀನಾ ಗೋಡೆಗೆ ಒರಗಿ ಕೂತಿದ್ದಳು. ಅವಳ ತೊಡೆಯ ಮೇಲೆ ಕೂಸು, ಪಂಪಾವತಿ. ಈಗಷ್ಟೇ ಕೂರಲು ಕಲಿತಿದ್ದ ಕೂಸು. ಹಿಂದಿನ ವಾರ ನನ್ನ ಕನ್ನಡಕ ಕಿತ್ತು ಬಾಯಿಗಿಟ್ಟುಕೊಂಡಿತ್ತು. ಈಗ ಕಣ್ಣು ಅರ್ಧ ತೆರೆದು ಬಿದ್ದಿತ್ತು. ಉಸಿರಿಗೊಮ್ಮೆ ಮೂಗಿನ ಹೊಳ್ಳೆ ಅಗಲವಾಗುತ್ತಿತ್ತು, ಪಕ್ಕೆಯ ಕೆಳಗೆ ಹಳ್ಳ ಬೀಳುತ್ತಿತ್ತು.

ದೊಡ್ಡಬಸಮ್ಮ ಪಕ್ಕದಲ್ಲೇ ಇದ್ದಳು. ಅದೇ ಗುಲಾಬಿ ಸೀರೆ, ಪಕ್ಕದಲ್ಲಿ ಅದೇ ಚೀಲ, ಥರ್ಮಾಮೀಟರ್ ಹೊರಗೇ ಬಿದ್ದಿತ್ತು. ಕೈಯಲ್ಲಿ ಫೋನು.

"ಯಾವಾಗಿಂದ?" ಎಂದೆ.

"ಮೊನ್ನೆ ಮೈ ಬಿಸಿ ಆತು, ಅರುಣಕ್ಕ. ಸಿರಪ್ಪು ಹಾಕೀನಿ. ನಿನ್ನೆ ಸಂಜಿಂದ ಮಲಿ ಹಿಡೀವಲ್ದು."

"ಮತ್ತ ಇಲ್ಯಾಕ ಕುಂತಿ?"

"ಬಾದನಹಟ್ಟಿಗೆ ಫೋನ್ ಹಚ್ಚಾಕತ್ತೀನಿ. ರಾತ್ರಿಯೆಲ್ಲಾ ಹತ್ಲಿಲ್ಲ. ಈಗ ರಿಂಗಾದ್ರೂ ಎತ್ತವಲ್ರು. ಅವರು ಕಾಯಿ ಬಿಡಸಾಕ ಹೋಗಿರ್ಬೇಕು. ಅಳಿಯಂದು ಮದಲ ಸ್ವಿಚಾಫ್."

ಅಳಿಯ ಅಂಜಿನೇಯ ಭತ್ತ ಕೊಯ್ಯುವ ಮಷೀನಿನ ಡ್ರೈವರ್. ಮಷೀನಿನ ಜೊತೆ ತೆಲಂಗಾಣದ ಕಡೆ ಹೋಗಿದ್ದ. ಬಾದನಹಟ್ಟಿಯಲ್ಲಿದ್ದವಳು ಮೀನಾಳ ಅತ್ತೆ ಜಡೆಮ್ಮ. ನನಗೆ ತಲೆಗೇರಿದ ಸಿಟ್ಟು ಆ ಊರಿನ ಹೆಸರು ಕೇಳಿ ಸ್ವಲ್ಪ ಕೆಳಗಿಳಿಯಿತು. ಏಕೆಂದರೆ ಆ ಕಥೆ ನನಗೆ ಗೊತ್ತಿತ್ತು.

ಇದು ಮೀನಾಳ ಎರಡನೆಯ ಕೂಸು. ಮೊದಲನೆಯದು ದಿನ ತುಂಬುವ ಮೊದಲೇ ಹುಟ್ಟಿತ್ತು. ಹೆರಿಗೆ ಮಾಡಿಸಲು ಬಳ್ಳಾರಿಗೆ ಕರೆದುಕೊಂಡು ಹೋದವಳು ದೊಡ್ಡಬಸಮ್ಮನೇ. ಒಯ್ದದ್ದು ಸರಿಯಾಗೇ ಇತ್ತು, ಡಾಕ್ಟರುಗಳೂ ಕೈಲಾದದ್ದೆಲ್ಲ ಮಾಡಿದರು. ಆದರೂ ಕೂಸು ಉಳಿಯಲಿಲ್ಲ. ಸುದ್ದಿ ಮುಟ್ಟಿ ಬೀಗರು ಬರುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ಕೂಸಿನ ಮುಖವನ್ನು ಅವರು ನೋಡಲೇ ಇಲ್ಲ. ಜಡೆಮ್ಮ ಆವತ್ತು ಜಗಳ ಮಾಡಲಿಲ್ಲ, ಬಾಯಿ ಬಡಿದುಕೊಳ್ಳಲಿಲ್ಲ. ಪಂಪಾವತಿ ಹುಟ್ಟಿ, ಬಾಣಂತನವೆಲ್ಲ ಮುಗಿದು, ಈ ಸಲ ಮೀನಾಳನ್ನು ತವರಿಗೆ ಕಳಿಸುವಾಗ ಒಂದೇ ಮಾತು ಹೇಳಿದ್ದಳಂತೆ: "ಈ ಕೂಸನ್ನ ನನ್ನ ಕೇಳದ ಎಲ್ಲಿಗೂ ಒಯ್ಯಬ್ಯಾಡ್ರಿ."

ಆ ಮಾತನ್ನು ಮೂರೂ ಜನ ದೇವರ ಮುಂದೆ ದೀಪ ಕಾಯ್ದ ಹಾಗೆ ಕಾಯುತ್ತಾ ಕೂತಿದ್ದರು.

"ಇನ್ನೊಂದು ಸಲ ಬೀಗರ ಮಾತು ಮೀರಿದ್ರ ನನ್ನ ಮಗಳು ಆ ಮನ್ಯಾಗ ಹ್ಯಾಂಗ ಬಾಳ್ವಿ ಮಾಡ್ತಾಳ್ರೀ, ಟೀಚರ್?" ಎಂದ ಓಬಳೇಶ ಬಾಗಿಲಿನಿಂದ. "ಒಂದು ಮಾತು ಕೇಳಿ ಒಯ್ಯೋಣು ಅಂತೀವಿ, ಅಷ್ಟ."

ಮೊದಲ ಕೂಸನ್ನು ಕಳೆದುಕೊಂಡ ಮೇಲೆ ಮೀನಾ ಯಾವುದಕ್ಕೂ ಹೌದು ಅಲ್ಲ ಅನ್ನುವುದನ್ನೇ ಬಿಟ್ಟಿದ್ದಳು. ಕೂಸಿನ ಒಣಗಿದ ತುಟಿಗೆ ಸೆರಗಿನ ತುದಿಯಿಂದ ನೀರು ಒತ್ತುತ್ತಿದ್ದಳು.

ನಾನು ದೊಡ್ಡಬಸಮ್ಮನ ಮುಖ ನೋಡಿದೆ. ಈ ಕೂಸು ಇನ್ನೊಬ್ಬರ ಮನೆಯಲ್ಲಿದ್ದಿದ್ದರೆ ನಿನ್ನೆ ಸಂಜೆಗೇ ಸಿರುಗುಪ್ಪದಲ್ಲಿರುತ್ತಿತ್ತು. ಅದು ಅವಳಿಗೂ ಗೊತ್ತಿತ್ತು. ನನ್ನ ಕಣ್ಣು ತಪ್ಪಿಸಿ ಮತ್ತೆ ಫೋನು ಒತ್ತಿದಳು. ಅತ್ತ ಕಡೆ ರಿಂಗಾಯಿತು, ಯಾರೂ ಎತ್ತಲಿಲ್ಲ, ಕಟ್ಟಾಯಿತು. ಮತ್ತೆ ಒತ್ತಿದಳು.

ನನಗೆ ನಿಜವಾಗಿ ಏನೂ ಮಾಡಲು ಮನಸ್ಸಿರಲಿಲ್ಲ. ಸುಳ್ಳು ಯಾಕೆ ಹೇಳಲಿ. ಇದು ಅವರ ಮನೆಯ ಮಾತು, ಬೀಗರ ನಡುವಿನ ಮಾತು, ನಾನು ಹೊರಗಿನವಳು. ನಾಳೆ ಏನಾದರೂ ಆದರೆ ಟೀಚರ್ ಬಂದು ತಲೆ ಹಾಕಿದಳು ಅನ್ನುತ್ತಾರೆ, ಮೇಲಿನವರಿಗೆ ದೂರು ಹೋಗುತ್ತದೆ, ಇರುವ ತಾಪತ್ರಯವೇ ಸಾಕಾಗಿತ್ತು. ಇಷ್ಟನ್ನೂ ನಾನು ನಿಂತಲ್ಲೇ ಯೋಚಿಸಿದೆ. ಅಷ್ಟರಲ್ಲಿ ಕೂಸು ಸಣ್ಣಗೆ ನರಳಿತು. ಅಳಲೂ ಶಕ್ತಿ ಇರಲಿಲ್ಲ ಅದಕ್ಕೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ಫೋನಿನ ಮೇಲೆ ಬಂತು, ಓಬಳೇಶನ ಮೇಲೆ ಬಂತು, ಎಲ್ಲರಿಗಿಂತ ಹೆಚ್ಚಾಗಿ ದೊಡ್ಡಬಸಮ್ಮನ ಮೇಲೆ ಬಂತು.

"ಮೀನಾ, ಕೂಸನ್ನ ಕೊಡು ಇಲ್ಲಿ."

ಆಕೆ ಅವ್ವನ ಮುಖ ನೋಡಿದಳು. ನಾನು ಕಾಯಲಿಲ್ಲ. ಬಗ್ಗಿ ಎತ್ತಿಕೊಂಡೆ. ಸೀರೆಯ ಮೇಲಿಂದಲೇ ಮೈ ಸುಟ್ಟಿತು.

"ಅರುಣಕ್ಕ, ಬ್ಯಾಡ..." ದೊಡ್ಡಬಸಮ್ಮ ಎದ್ದಳು.

"ಬಾದನಹಟ್ಟಿಯವರು ಕೇಳಿದ್ರ ಅಂಗನವಾಡಿ ಟೀಚರ್ ಕಸಗೊಂಡು ಹೋದ್ಲು ಅನ್ನು. ನನಗೇನು, ನಾ ಬ್ಯಾರೆ ಊರಾಕಿ" ಎಂದು ಹೊಸ್ತಿಲು ದಾಟಿದೆ. ಓಬಳೇಶ ಅಡ್ಡ ಬರಲಿಲ್ಲ. ಸರಿದು ದಾರಿ ಬಿಟ್ಟ. ಪಾಪ, ಅವನೂ ಯಾರಾದರೂ ಹೀಗೆ ಮಾಡಲಿ ಎಂದೇ ಕಾಯುತ್ತಿದ್ದನೇನೋ.

ಓಣಿಯ ತುದಿಯಲ್ಲಿ ಎರ್ರಿಯ ಆಟೋ ಇತ್ತು. ಹಿಂದೆ ಮೆಣಸಿನಕಾಯಿ ಚೀಲ ಹೇರಿದ್ದ. ನನ್ನ ಕೈಯಲ್ಲಿನ ಕೂಸನ್ನು ನೋಡಿ ಏನೂ ಕೇಳದೆ ಚೀಲಗಳನ್ನು ರಸ್ತೆಗೆ ಇಳಿಸಿದ. ನಾನು ಕೂರುವಷ್ಟರಲ್ಲಿ ಮೀನಾ ಬಂದು ಹತ್ತಿದಳು, ಅವಳ ಹಿಂದೆ ದೊಡ್ಡಬಸಮ್ಮ. ಅವಳು ಚಪ್ಪಲಿ ಮೆಟ್ಟಿರಲಿಲ್ಲ.

ಆಟೋ ಕಾಲುವೆಯ ಪಕ್ಕದ ರಸ್ತೆಗೆ ಬಂದಾಗ ಫೋನು ರಿಂಗಾಯಿತು. ಬಾದನಹಟ್ಟಿ. ನಿನ್ನೆಯಿಂದ ಯಾವ ಕರೆಗೆ ಕಾದು ಕೂತಿದ್ದಳೋ ಆ ಕರೆ ಬಂದಾಗ ದೊಡ್ಡಬಸಮ್ಮನಿಗೆ ಅದನ್ನು ಎತ್ತಲು ಆಗಲಿಲ್ಲ. ಫೋನನ್ನು ನನ್ನ ಕಡೆ ಚಾಚಿದಳು. ನಾನೇ ಎತ್ತಿ, ಕೂಸಿಗೆ ಉಸಿರಾಟದ ತೊಂದರೆಯಾಗಿದೆ, ಸಿರುಗುಪ್ಪದ ಆಸ್ಪತ್ರೆಗೆ ಒಯ್ಯುತ್ತಿದ್ದೇವೆ, ಎತ್ತಿಕೊಂಡು ಬಂದದ್ದು ನಾನು ಎಂದು ಹೇಳಿದೆ. ಅತ್ತ ಕಡೆಯಿಂದ ಗಾಳಿಯ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಆಮೇಲೆ ಫೋನು ಕಟ್ಟಾಯಿತು.

"ಏನಂದ್ರು?" ದೊಡ್ಡಬಸಮ್ಮ ಕೇಳಿದಳು.

"ಏನೂ ಅನ್ನಲಿಲ್ಲ."

"ಮುಗೀತು ಹಂಗಾರ" ಎಂದು ಮಗಳ ಮುಖ ನೋಡಿದಳು. ಮೀನಾ ಕೂಸನ್ನು ನನ್ನಿಂದ ತೆಗೆದುಕೊಂಡು ಎದೆಗೆ ಒತ್ತಿ ಹಿಡಿದಳು, ಅವ್ವನ ಕಡೆ ತಿರುಗಲಿಲ್ಲ.

ಸಿರುಗುಪ್ಪದಲ್ಲಿ ಡಾಕ್ಟರು ನೋಡಿದ ಕೂಡಲೇ ಮೂಗಿಗೆ ಆಕ್ಸಿಜನ್ ಹಾಕಿಸಿದರು, ಇಂಜೆಕ್ಷನ್ ಕೊಡಿಸಿದರು. ನ್ಯುಮೋನಿಯಾ, ಎದೆಗೆ ಚೆನ್ನಾಗಿ ಇಳಿದಿದೆ, ಇಲ್ಲಿ ಇಟ್ಟುಕೊಳ್ಳುವ ಧೈರ್ಯ ಇಲ್ಲ, ಬಳ್ಳಾರಿಗೆ ಹೊರಡಿ ಎಂದರು. ಆಂಬುಲೆನ್ಸ್ ಬರುವವರೆಗೆ ಮೀನಾ ಕಾರಿಡಾರಿನ ಮೂಲೆಗೆ ಹೋಗಿ ತಾನೇ ಅತ್ತೆಗೆ ಫೋನು ಮಾಡಿದಳು. "ಅತ್ತಿ, ಬಳ್ಳಾರಿಗೆ ಹೊಂಟೀವಿ, ದೊಡ್ಡಾಸ್ಪತ್ರಿಗೆ" ಎಂದಷ್ಟೇ ಹೇಳಿದ್ದು ಕೇಳಿಸಿತು. ಅವಳು ತಾನಾಗಿ ಒಂದು ಕೆಲಸ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಂಬುಲೆನ್ಸ್ ಭತ್ತದ ಲಾರಿಗಳ ಹಿಂದೆ ಸಿಕ್ಕಿ ನಿಂತಾಗಲೆಲ್ಲ ದೊಡ್ಡಬಸಮ್ಮ ಕಿಟಕಿಗೆ ಹಣೆ ಹಚ್ಚುತ್ತಿದ್ದಳು. ಊರಿನ ಎಷ್ಟೋ ಕೂಸುಗಳನ್ನು ಇದೇ ದಾರಿಯಲ್ಲಿ ಒಯ್ದವಳು, ದಾರಿಯುದ್ದಕ್ಕೂ ಎಲ್ಲರಿಗೂ ಧೈರ್ಯ ಹೇಳಿದವಳು, ಈಗ ಕೂಸಿನ ಪಾದವನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ನನಗೆ ಅವಳ ಮೇಲಿನ ಸಿಟ್ಟು ಕರಗಿ ಅಳು ಬಂದಂತಾಯಿತು. ನನಗೂ ಸಾಕಾಗಿತ್ತು.

ಬಳ್ಳಾರಿಯ ಆಸ್ಪತ್ರೆಯ ಬಾಗಿಲಲ್ಲಿ ಆಂಬುಲೆನ್ಸ್ ನಿಂತಾಗ ಜಡೆಮ್ಮ ಆಗಲೇ ಬಂದು ನಿಂತಿದ್ದಳು. ಹೊಲದಿಂದ ನೇರವಾಗಿ ಬಂದವಳು. ತಲೆಗೆ ಕಟ್ಟಿದ ಟವೆಲ್ಲು ಬಿಚ್ಚಿರಲಿಲ್ಲ, ಸೀರೆಯ ಮೇಲೆ ಹಾಕಿಕೊಂಡ ಗಂಡಸರ ಅಂಗಿಯ ತೋಳೆಲ್ಲ ಕೆಂಪು ಧೂಳು. ದೊಡ್ಡಬಸಮ್ಮ ಅವಳನ್ನು ನೋಡಿ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಸ್ಟ್ರೆಚರ್ ಇಳಿಯಿತು. ಜಡೆಮ್ಮ ಮುಂದೆ ಬಂದಳು, ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು.

"ಕೈಯಾಗ ಖಾರ ಐತಿ, ಮುಟ್ಟಂಗಿಲ್ಲ" ಎಂದಳು ನರ್ಸಿಗೆ. "ಮುಖ ಒಂದು ತೋರಸ್ರಿ, ಯವ್ವಾ."

ನರ್ಸು ಹೊದಿಕೆ ಸರಿಸಿದಳು. ಜಡೆಮ್ಮ ಬಗ್ಗಿ ನೋಡಿದಳು. "ಒಯ್ರಿ, ಒಯ್ರಿ ಲಗೂನ" ಎಂದು ತಾನೇ ದಾರಿ ಬಿಡಿಸಿದಳು. ಆ ಕ್ಷಣ ನಾನು ಅವಳನ್ನು ಕುರಿತು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ನನಗೇ ನಾಚಿಕೆ ತಂದವು.

ಕೂಸು ಉಳಿಯಿತು. ಅದನ್ನು ಇಷ್ಟು ಸುಲಭವಾಗಿ ಬರೆಯುತ್ತಿದ್ದೇನೆ, ಆದರೆ ಉಳಿಯುವುದೋ ಇಲ್ಲವೋ ಎಂದು ಡಾಕ್ಟರುಗಳೇ ಬಾಯಿ ಬಿಡದ ದಿನಗಳೂ ಇದ್ದವು. ನಾನು ಅಂಗನವಾಡಿ ಮುಗಿಸಿ ಆಗೀಗ ಹೋಗಿ ಬರುತ್ತಿದ್ದೆ. ಹೋದಾಗಲೆಲ್ಲ ಬೀಗತಿಯರಿಬ್ಬರೂ ವಾರ್ಡಿನ ಹೊರಗೆ ಒಂದೇ ಚಾಪೆಯ ಮೇಲೆ ಕೂತಿರುತ್ತಿದ್ದರು. ಬಾದನಹಟ್ಟಿಯಿಂದ ಬಂದ ರೊಟ್ಟಿಯನ್ನು ಜಡೆಮ್ಮ ಮುರಿದು ಅರ್ಧ ದೊಡ್ಡಬಸಮ್ಮನಿಗೆ ಕೊಡುತ್ತಿದ್ದಳು. ಒಂದು ಕೊಂಕು ಮಾತಿಲ್ಲ, ಒಂದು ಪ್ರಶ್ನೆಯಿಲ್ಲ. ಅಂಜಿನೇಯ ಮಷೀನು ಬಿಟ್ಟು ಓಡಿ ಬಂದಾಗಲೂ ಜಡೆಮ್ಮ ಮಗನಿಗೆ ಇವರ ಬಗ್ಗೆ ಏನೂ ಹೇಳಲಿಲ್ಲ. ಆ ಮೌನವೇ ದೊಡ್ಡಬಸಮ್ಮನನ್ನು ಅರೆದು ಹಾಕಿತು. "ಬೈದಾದ್ರೂ ಬೈಬಾರ್ದೇನು" ಎಂದು ನನ್ನ ಹತ್ತಿರ ಹಲುಬುತ್ತಿದ್ದಳು.

ಬಿಡುಗಡೆಯ ದಿನ ನಾನೂ ಅಲ್ಲಿದ್ದೆ. ಕೂಸು ಸೊರಗಿತ್ತು, ಆದರೆ ಮತ್ತೆ ನನ್ನ ಕನ್ನಡಕಕ್ಕೆ ಕೈ ಹಾಕಿತು. ಅಂಜಿನೇಯ ಔಷಧಿ ತರಲು ಹೋಗಿದ್ದ. ಮೀನಾ ಬಟ್ಟೆ ಮಡಚುತ್ತಿದ್ದಳು. ದೊಡ್ಡಬಸಮ್ಮ ಇನ್ನು ತಡೆಯಲಾರದೆ ಜಡೆಮ್ಮನ ಮುಂದೆ ಹೋಗಿ ನಿಂತು ಕೈ ಮುಗಿದಳು.

"ತಪ್ಪಾತ್ರಿ, ಬೀಗತೇರ. ನಿಮ್ಮನ್ನ ಕೇಳದ ಒಯ್ದ್ವಿ. ಹೊಟ್ಟ್ಯಾಗ ಹಾಕ್ಕೊಳ್ರಿ. ಮಗಳ ಮ್ಯಾಲೆ ಸಿಟ್ಟು ಇಟಗೋಬ್ಯಾಡ್ರಿ."

ಜಡೆಮ್ಮ ಅವಳನ್ನು ನೋಡಿದಳು. ಅವಳಿಗೆ ಆ ಮಾತು ಅರ್ಥವಾಗಲೇ ಇಲ್ಲವೇನೋ ಅನ್ನಿಸಿತು ನನಗೆ. ಇಷ್ಟು ದಿನ 'ರೀ' ಬಿಡದೆ ಮಾತಾಡಿದವಳು ಏಕವಚನಕ್ಕೆ ಇಳಿದಳು.

"ಕೇಳದ ಒಯ್ದದ್ದಕ್ಕ ತಪ್ಪಾತು ಅಂತೀ?" ಎಂದಳು. "ಕೇಳಾಕ ಅಂತ ಕೂಸನ್ನ ಮುಂದಿಟ್ಕೊಂಡು ಒಂದು ರಾತ್ರಿ ಕಳದ್ಯಲ್ಲ, ಅದಕ್ಕ ಏನಂತೀ? ನಾ ಓದು ಬರದಾಕಿ. ಮದಲಿನ ಕೂಸಿನ ಮುಖ ನೋಡಲಿಲ್ಲ ಅಂತ ಹೊಟ್ಟಿ ಉರಿದು ಒಂದು ಮಾತಂದೆ. ನಾನೂ ಸಂಗಾಟ ಬರ್ತಿದ್ದೆ, ಅಷ್ಟ. ಸಾಯೋಗಂಟ ಕಾಯ್ರಿ ಅಂದಿದ್ದೆನೇನು? ನೀ ಆಶಾ. ಊರ ಮಂದಿಗೆಲ್ಲ ಬುದ್ಧಿ ಹೇಳಾಕಿ. ನಿನ್ನ ಕೈಯಾಗ ಕೊಟ್ಟೀನಿ ಅಂತ ನಾ ಅಲ್ಲಿ ಚಿಂತಿ ಬಿಟ್ಟು ಕಾಯಿ ಬಿಡಸಾಕತ್ತಿದ್ದೆ."

ದೊಡ್ಡಬಸಮ್ಮ ಮುಗಿದ ಕೈ ಬಿಡುವುದನ್ನೂ ಮರೆತು ನಿಂತಿದ್ದಳು. ಜಡೆಮ್ಮ ಮಾತು ಮುಗಿಸಿ ಸೊಸೆಯ ಹತ್ತಿರ ಹೋಗಿ ಕೂಸನ್ನು ಎತ್ತಿಕೊಂಡಳು.

"ಮೀನಾ, ಹಿಂಗ ಸೀದಾ ಬಾದನಹಟ್ಟಿಗೆ ಹೋಗೋಣು. ಔಷಧ ಹಾಕೋದು, ಎದಿ ನೋಡೋದು ಎಲ್ಲಾ ಐತಂತ. ನಮ್ಮೂರಾಗ ಆಶಾ ಅದಾಳ, ದಿನಾ ಬಂದು ನೋಡ್ತಾಳ."

ಆ ಮಾತಿನಲ್ಲಿ ಚುಚ್ಚುವ ಉದ್ದೇಶ ಇರಲಿಲ್ಲ. ಅದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಜಡೆಮ್ಮ ಮನೆಗೆ ಹೋಗುವ ಏರ್ಪಾಡು ಹೇಳುತ್ತಿದ್ದಳು, ಅಷ್ಟೇ. ಮೀನಾ ಅವ್ವನ ಹತ್ತಿರ ಬಂದು ಒಂದು ಸಲ ಭುಜ ಮುಟ್ಟಿ, ಚೀಲ ಎತ್ತಿಕೊಂಡು ಅತ್ತೆಯ ಹಿಂದೆ ನಡೆದಳು.

ಸಿರುಗುಪ್ಪದ ಬಸ್ಸಿನಲ್ಲಿ ನಮ್ಮಿಬ್ಬರಿಗೂ ಸೀಟು ಸಿಕ್ಕಿತು. ಬಳ್ಳಾರಿ ದಾಟಿದ ಮೇಲೆ ದೊಡ್ಡಬಸಮ್ಮನನ್ನು ನಾನೇ ಸಮಾಧಾನ ಮಾಡಲು ಹೋದೆ. ಕೂಸು ಬದುಕಿತಲ್ಲ, ಜಡೆಮ್ಮನದು ಬಾಯಿ ಸ್ವಲ್ಪ ಜೋರು, ನಾಲ್ಕು ದಿನ ಕಳೆದರೆ ಎಲ್ಲ ಸರಿಹೋಗುತ್ತದೆ ಎಂದೆ. ನನ್ನ ಮಾತು ನನಗೇ ಸಪ್ಪೆ ಅನ್ನಿಸಿತು.

"ಆಕಿ ಅಂದಿದ್ದು ಖರೇನ ಐತಿ, ಅರುಣಕ್ಕ" ಎಂದಳು. "ನನ್ನ ಓಣ್ಯಾಗ ಯಾರಾರ ಹಿಂಗ ಮಾಡಿದ್ರ ನಾನೂ ಇದ ಮಾತು ಅಂತಿದ್ದೆ. ಅಂದೀನಿ ಕೂಡ, ಎಷ್ಟ್ ಮಂದಿಗೆ. ಅವರು ತಲಿ ತಗ್ಗಿಸಿ ಸುಮ್ನ ನಿಂದ್ರೋರು. ನಾನು, ಇವರಿಗೆ ತಿಳ್ಯಂಗಿಲ್ಲ ಅಂದ್ಕೊಳ್ತಿದ್ದೆ."

ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಎಲ್ಲಾ ತಿಳಿದಿತ್ತು, ಅರುಣಕ್ಕ. ನನ್ನ ಕಣ್ಮುಂದನ ಪಕ್ಕಿ ಒಳಗ ಹೋಗಾಕತ್ತಿತ್ತು. ಎತ್ಗೊಳ್ಳಾಕ ಕೈ ಬರಲಿಲ್ಲ."

ನಾನು ಅವಳ ಕೈ ಹಿಡಿದುಕೊಂಡೆ. ಸಿರುಗುಪ್ಪ ಬರುವವರೆಗೂ ಅವಳು ಅತ್ತಳು.